ದೀರ್ಘ ಕಾಲ ಆಸ್ಪತ್ರೆಯಲ್ಲಿದ್ದ ಹಿರಿಯರನ್ನು ಮನೆಗೆ ಕರೆತರುವುದು: ಬೆಂಗಳೂರಿನವರಿಗೊಂದು ಕೈಪಿಡಿ

ರೌಂಡ್ಸ್‌ಗೆ ಬಂದ ಡಾಕ್ಟರ್ "ನಾಳೆ, ನಾಡಿದ್ದು ಕಳಿಸೋಣ" ಅನ್ನುತ್ತಾರೆ. ಮನೆಯವರಿಗೆ ಖುಷಿ, ಅದರ ಹಿಂದೆಯೇ ತಳಮಳ. ವಾರ್ಡ್‌ನಲ್ಲಿ ಸಿಸ್ಟರ್, ಆಯಾ, ವಾರ್ಡ್‌ಬಾಯ್, ಫಿಸಿಯೋ, ಡಯಟಿಷಿಯನ್ ಎಂದು ಹತ್ತಾರು ಜನ ಮೂರು ಶಿಫ್ಟ್‌ನಲ್ಲಿ ಮಾಡುತ್ತಿದ್ದ ಕೆಲಸ ಇನ್ನು ಮನೆಯ ಇಬ್ಬರು ಮೂವರ ಕೈಗೆ ಬರುತ್ತದೆ. ಡಿಸ್ಚಾರ್ಜ್‌ಗೆ ಮುಂಚಿನ ಕೆಲವು ದಿನಗಳನ್ನು ಆ ಕೆಲಸ ಕಲಿಯುವುದಕ್ಕೆ ಬಳಸಿಕೊಳ್ಳಿ. ಮಂಚ, ಮೆಷಿನ್ನು ಎಲ್ಲ ಫೋನ್ ಮಾಡಿದರೆ ಬರುತ್ತವೆ. ಕೈ ಪಳಗುವುದಕ್ಕೆ ಮಾತ್ರ ಸಮಯ ಬೇಕು.

1. ಡಿಸ್ಚಾರ್ಜ್ ಮಾತು ಬಂದ ದಿನ

"ಯಾವಾಗ ಕಳಿಸ್ತೀರಿ?" ಎಂದು ಕೇಳುವ ಮುಂಚೆ "ಇವರು ಈಗ ತಾವಾಗಿಯೇ ಏನೇನು ಮಾಡಬಲ್ಲರು?" ಎಂದು ಕೇಳಿ. ಮಗ್ಗುಲು ತಾವೇ ಬದಲಾಯಿಸುತ್ತಾರಾ? ಆಸರೆ ಕೊಟ್ಟರೆ ಕೂರುತ್ತಾರಾ? ಬಾಯಿಂದ ನುಂಗುತ್ತಾರಾ? ಮೂತ್ರದ ಟ್ಯೂಬ್ ಇಟ್ಟುಕೊಂಡೇ ಬರುತ್ತಾರಾ? ಆಕ್ಸಿಜನ್ ಬೇಕಾ, ಬೇಕಾದರೆ ಎಷ್ಟು ಲೀಟರ್, ಇಡೀ ದಿನವಾ ಅಥವಾ ನಿದ್ದೆಯಲ್ಲಿ ಮಾತ್ರವಾ? ಮನೆಗೆ ಏನು ತರಿಸಬೇಕು, ಎಷ್ಟು ಜನ ಬೇಕು ಎಂಬುದೆಲ್ಲ ಈ ಉತ್ತರಗಳ ಮೇಲೆ ನಿಂತಿದೆ.

ಇನ್ನೊಂದು ಪ್ರಶ್ನೆ ಕೇಳಲು ಎಲ್ಲರೂ ಹಿಂಜರಿಯುತ್ತಾರೆ: "ಮುಂದಿನ ಮೂರು ತಿಂಗಳಲ್ಲಿ ಎಷ್ಟು ಚೇತರಿಸಿಕೊಳ್ಳಬಹುದು?" ಕೇಳಿಬಿಡಿ. ನಡೆಯುವಷ್ಟಾಗುತ್ತಾರೆ ಎಂದರೆ ಒಂದು ರೀತಿಯ ತಯಾರಿ. ಹೀಗೇ ಹಾಸಿಗೆ ಮೇಲೆಯೇ ಎಂದರೆ ಬೇರೆ ತಯಾರಿ. ಕೇಳಲು ಹೋಗುವಾಗ ಮನೆಯಿಂದ ಇಬ್ಬರು ಹೋಗಿ. ಒಬ್ಬರು ಮಾತಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ.

ಶನಿವಾರ ಸಂಜೆಯ ಡಿಸ್ಚಾರ್ಜ್ ಆದಷ್ಟು ಬೇಡ ಅನ್ನಿ. ಭಾನುವಾರ ಬಾಡಿಗೆ ಸಾಮಾನಿನವರು ಫೋನ್ ಎತ್ತದೇ ಇರಬಹುದು, ನೋಡುತ್ತಿದ್ದ ಡಾಕ್ಟರ್ ಸಿಗುವುದು ಕಷ್ಟ, ಫಿಸಿಯೋ ಬರುವುದೂ ಅನುಮಾನ. ಮೊದಲ ರಾತ್ರಿಯ ಗೊಂದಲಕ್ಕೆ ಮರುದಿನ ಯಾರಾದರೂ ಸಿಗುವ ಹಾಗಿರಬೇಕು. ಅಮಾವಾಸ್ಯೆ, ಮಂಗಳವಾರ ಬೇಡ ಎಂದು ಅಜ್ಜಿ ಹಟ ಹಿಡಿದರೆ ಡಾಕ್ಟರಿಗೆ ಹಿಂದಿನ ದಿನವೇ ಹೇಳಿಡಿ. ಇಲ್ಲಿನ ಆಸ್ಪತ್ರೆಗಳಿಗೆ ಅದು ಹೊಸದಲ್ಲ. ರಾಹುಕಾಲದ ಚಿಂತೆ ಮಾತ್ರ ಬೇಡ. ಅದು ಒಂದೂವರೆ ಗಂಟೆ, ಬಿಲ್ಲಿಂಗ್ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ.

2. ವಾರ್ಡ್‌ನಲ್ಲೇ ಕಲಿಯಬೇಕಾದ ಕೆಲಸ

"ಸಿಸ್ಟರ್, ಇವತ್ತಿನಿಂದ ನಾನು ಮಾಡ್ತೀನಿ, ನೀವು ಪಕ್ಕದಲ್ಲಿದ್ದು ನೋಡಿ" ಎಂದು ಕೇಳಿ. ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ನೋಡಿ ಕಲಿತದ್ದಕ್ಕೂ ಮಾಡಿ ಕಲಿತದ್ದಕ್ಕೂ ಬಹಳ ವ್ಯತ್ಯಾಸವಿದೆ. ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೋ ಅವರೇ ಕಲಿಯಬೇಕು. ಸೊಸೆ ನೋಡಿಕೊಳ್ಳುವುದು, ಮಗ ಕಲಿತು ಬರುವುದು ಆದರೆ ಪ್ರಯೋಜನವಿಲ್ಲ. ಅಟೆಂಡರ್ ಇಡುವುದಿದ್ದರೆ ಅವರನ್ನೂ ಕೊನೆಯ ಎರಡು ದಿನ ವಾರ್ಡ್‌ಗೇ ಕರೆಸಿಕೊಳ್ಳಿ.

ಮಗ್ಗುಲು ಬದಲಾಯಿಸುವುದು, ಹಾಸಿಗೆಯಲ್ಲೇ ಮೈ ಒರೆಸುವುದು, ಮಲಗಿದ್ದ ಹಾಗೆಯೇ ಬೆಡ್‌ಶೀಟ್ ಬದಲಿಸುವುದು, ಡೈಪರ್ ಹಾಕುವುದು ಎಲ್ಲರಿಗೂ ಬೇಕು. ಇನ್ಸುಲಿನ್, ನೆಬ್ಯುಲೈಸರ್, ಮೂಗಿನ ಟ್ಯೂಬ್‌ನ ಫೀಡ್, ಯೂರಿನ್ ಬ್ಯಾಗ್ ಖಾಲಿ ಮಾಡುವುದು ಅವರವರ ಕಾಯಿಲೆಗೆ ತಕ್ಕಂತೆ. ಕತ್ತಿನಲ್ಲಿ ಉಸಿರಾಟಕ್ಕೆಂದು ಹಾಕಿದ ಟ್ರೇಕಿಯಾಸ್ಟಮಿ ಟ್ಯೂಬ್ ಇದ್ದರೆ ಸಕ್ಷನ್ ಮಾಡುವುದನ್ನೂ (ಮೆಷಿನ್‌ನಿಂದ ಕಫ ಹೀರಿ ತೆಗೆಯುವುದು), ಒಳಗಿನ ಟ್ಯೂಬ್ ತೆಗೆದು ತೊಳೆಯುವುದನ್ನೂ ಮನೆಯ ಇಬ್ಬರಾದರೂ ಸಿಸ್ಟರ್ ಎದುರು ತಪ್ಪಿಲ್ಲದೆ ಮಾಡಿ ತೋರಿಸುವವರೆಗೆ ಹೊರಡಬೇಡಿ. ಇದರಲ್ಲಿ ಸಂಕೋಚ ಮಾಡಿಕೊಂಡರೆ ಜೀವಕ್ಕೇ ಅಪಾಯ.

ಎತ್ತಿ ಕೂರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯುವ ಅಭ್ಯಾಸ ನಮ್ಮಲ್ಲಿದೆ. ಸ್ಟ್ರೋಕ್ ಆಗಿರುವವರ ಭುಜ ಇದರಿಂದ ಜಾರಬಹುದು. ಸರಿಯಾದ ರೀತಿಯನ್ನು ಫಿಸಿಯೋ ಹತ್ತಿರ ಕೇಳಿ, ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಮಲಗೇ ಇದ್ದವರನ್ನು ಒಮ್ಮೆಲೇ ನಿಲ್ಲಿಸಿದರೆ ಬಿಪಿ ಇಳಿದು ತಲೆ ಸುತ್ತುತ್ತದೆ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ಮೂರು ನಿಮಿಷ ಕೂರಿಸಿ, ಆಮೇಲೆ ನಿಲ್ಲಿಸಿ.

3. ಕೋಣೆ ಮತ್ತು ಸಾಮಾನು

ಮನೆಯ ಹಿಂದಿನ ಸ್ಟೋರ್‌ರೂಮ್ ಖಾಲಿ ಮಾಡಿ ಅಲ್ಲಿ ಮಂಚ ಹಾಕುವವರಿದ್ದಾರೆ. ಬೇಡ. ಕಿಟಕಿ ಇರುವ, ಹಾಲ್‌ನ ಮಾತು ಕೇಳಿಸುವ, ಬಾತ್‌ರೂಮ್ ಹತ್ತಿರವಿರುವ ಕೋಣೆ ಕೊಡಿ. ಹಗಲು ರಾತ್ರಿ ಗೊತ್ತಾಗದಿದ್ದರೆ ವಯಸ್ಸಾದವರಿಗೆ ಗೊಂದಲ ಹೆಚ್ಚುತ್ತದೆ. ಮಂಚವನ್ನು ಗೋಡೆಗೆ ಒತ್ತಬೇಡಿ, ಎರಡೂ ಕಡೆಯಿಂದ ಕೈ ಆಡುವಂತಿರಲಿ. ಕಣ್ಣಿಗೆ ಕಾಣುವಂತೆ ದೊಡ್ಡ ಗಡಿಯಾರ, ಒಂದು ಕ್ಯಾಲೆಂಡರ್ ಹಾಕಿ. ಕನ್ನಡಕ, ಕಿವಿಯ ಮೆಷಿನ್, ಹಲ್ಲಿನ ಸೆಟ್ಟು ಕೈಗೆ ಸಿಗುವಲ್ಲಿರಲಿ.

ವೀಲ್‌ಚೇರ್ ಸುಮಾರು 25 ಇಂಚು ಅಗಲವಿರುತ್ತದೆ. ಟೇಪ್ ಹಿಡಿದು ಬಾಗಿಲು ಅಳೆಯಿರಿ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಬಾತ್‌ರೂಮ್ ಬಾಗಿಲಿಗೆ ಅದು ಎಷ್ಟೋ ಸಲ ತೂರುವುದಿಲ್ಲ. ಹೊಸ್ತಿಲು ಬೇರೆ ಅಡ್ಡ. ಅಂಥಲ್ಲಿ ಮಂಚದ ಪಕ್ಕ ಕಮೋಡ್ ಚೇರ್ ಇಟ್ಟುಕೊಳ್ಳುವುದೇ ವಾಸಿ. ಟಾಯ್ಲೆಟ್ ಪಕ್ಕ ಗೋಡೆಗೆ ಹಿಡಿಕೆ, ರಾತ್ರಿಗೆ ಸಣ್ಣ ದೀಪ, ನೆಲದ ಮೇಲಿನ ಕಾಲೊರೆಸು ಎತ್ತಿಡುವುದು ಇವು ಒಂದೇ ದಿನದ ಕೆಲಸ.

ದೊಡ್ಡ ಸಾಮಾನು ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ಡೆಪಾಸಿಟ್ ಇಟ್ಟುಕೊಂಡು ತಿಂಗಳ ಬಾಡಿಗೆಗೆ ಕೊಡುವವರು ಬೇಕಾದಷ್ಟಿದ್ದಾರೆ. ತಲೆ ಮತ್ತು ಮಂಡಿ ಎರಡೂ ಕಡೆ ಏಳುವ ಫೌಲರ್ ಕಾಟ್, ಹಾಸಿಗೆ ಹಿಡಿದವರಿಗೆ ಏರ್‌ಬೆಡ್, ವೀಲ್‌ಚೇರ್ ಬಾಡಿಗೆಗೆ ಸಾಕು. ಬಿಪಿ ಮೆಷಿನ್, ಆಕ್ಸಿಮೀಟರ್, ಥರ್ಮಾಮೀಟರ್, ಗ್ಲುಕೋಮೀಟರ್ ಮಾತ್ರ ಸ್ವಂತದ್ದು ಇರಲಿ. ಮಂಚ, ಏರ್‌ಬೆಡ್ ಹಿಂದಿನ ದಿನವೇ ಬಂದು ಜೋಡಣೆಯಾಗಿ, ಒಂದು ರಾತ್ರಿ ಗಾಳಿ ನಿಲ್ಲುತ್ತದಾ ನೋಡಿರಬೇಕು.

ಆಕ್ಸಿಜನ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮೆಷಿನ್, ಕರೆಂಟಿನಲ್ಲಿ ಓಡುತ್ತದೆ. 5 ಲೀಟರಿನದು ಸುಮಾರು 300 ರಿಂದ 400 ವಾಟ್ ಎಳೆಯುತ್ತದೆ. ನಿಮ್ಮ ಯುಪಿಎಸ್ ಅದನ್ನು ಎಷ್ಟು ಹೊತ್ತು ತಡೆಯುತ್ತದೆ ಎಂದು ಮೊದಲೇ ಓಡಿಸಿ ನೋಡಿ. ಅಪಾರ್ಟ್‌ಮೆಂಟ್‌ನಲ್ಲಿ ಜನರೇಟರ್ ಇದ್ದರೂ ಎಷ್ಟೋ ಕಡೆ ಅದು ಲೈಟು, ಫ್ಯಾನಿಗೆ ಮಾತ್ರ. ಯಾವ ಪ್ಲಗ್‌ಗೆ ಬರುತ್ತದೆ ಎಂದು ಎಲೆಕ್ಟ್ರಿಷಿಯನ್‌ನನ್ನು ಕೇಳಿ. ಇದರ ಜೊತೆಗೆ ಒಂದು ಬಿ ಟೈಪ್ ಸಿಲಿಂಡರ್ ಇರಲೇಬೇಕು. ಅದರಲ್ಲಿ ಸುಮಾರು 1500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ ಬರುತ್ತದೆ, 5 ಲೀಟರಾದರೆ ಐದು ಗಂಟೆ. ಮೇ ತಿಂಗಳ ಮಳೆಗೆ ಮರ ಬಿದ್ದು ಕರೆಂಟ್ ಹೋದಾಗ ಬೆಸ್ಕಾಂನ 1912ಕ್ಕೆ ಫೋನ್ ಮಾಡುವುದು ಆಮೇಲೆ, ಮೊದಲು ಸಿಲಿಂಡರ್ ತೆರೆಯಬೇಕು. ಅದನ್ನು ತೆರೆಯುವ ಕೀಲಿ ಸಿಲಿಂಡರ್‌ಗೇ ಕಟ್ಟಿರಲಿ. ಆಕ್ಸಿಜನ್ ಹಾದುಬರುವ ನೀರಿನ ಬಾಟಲಿಗೆ ಬೋರ್‌ವೆಲ್ ನೀರು ಹಾಕಬೇಡಿ. ಡಿಸ್ಟಿಲ್ಡ್ ನೀರು ಅಥವಾ ಕುದಿಸಿ ಆರಿಸಿದ ನೀರು ಹಾಕಿ, ದಿನವೂ ಬದಲಿಸಿ.

ಆಕ್ಸಿಜನ್ ಇರುವ ಕೋಣೆಯಲ್ಲಿ ಬೆಂಕಿ ಸಲ್ಲದು. ದೇವರ ದೀಪ, ಊದುಬತ್ತಿ, ಕರ್ಪೂರ, ಸೊಳ್ಳೆ ಬತ್ತಿ ಎಲ್ಲ ಹತ್ತು ಅಡಿಗಿಂತ ದೂರವಿರಲಿ. ಬಾಗಿಲಲ್ಲಿ ಆರತಿ ಎತ್ತಿ ಒಳಗೆ ಕರೆದುಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ ಅಲ್ವಾ? ಓಕುಳಿ ನೀರಿನ ಆರತಿ ಮಾಡಿ, ಬತ್ತಿ ಹಚ್ಚಬೇಡಿ. ಮೂಗು ಒಣಗಿತೆಂದು ವ್ಯಾಸಲೀನ್, ವಿಕ್ಸ್, ಕೊಬ್ಬರಿ ಎಣ್ಣೆ ಸವರುವುದೂ ಬೇಡ. ನೀರಿನಂಶದ ಜೆಲ್ ಮೆಡಿಕಲ್‌ನಲ್ಲಿ ಸಿಗುತ್ತದೆ. ಬೀಡಿ ಸಿಗರೇಟಿನಿಂದ ಶ್ವಾಸಕೋಶ ಹಾಳಾಗಿ ಬಂದ ಸಿಒಪಿಡಿ ಇದ್ದರೆ ಉಸಿರು ಕಟ್ಟಿತೆಂದು ನೀವಾಗಿ ಲೀಟರ್ ಏರಿಸಬೇಡಿ. ಸಾಮಾನ್ಯವಾಗಿ ಅವರಿಗೆ ಆಕ್ಸಿಮೀಟರ್‌ನಲ್ಲಿ 88 ರಿಂದ 92 ಇದ್ದರೆ ಸಾಕು. ನಿಮ್ಮವರಿಗೆ ಎಷ್ಟು ಎಂದು ಬರೆಸಿಕೊಂಡು ಬನ್ನಿ.

4. ನೋಡಿಕೊಳ್ಳುವವರು

ನರ್ಸ್ ಬೇರೆ, ಅಟೆಂಡರ್ ಬೇರೆ. ಇಂಜೆಕ್ಷನ್, ಡ್ರೆಸ್ಸಿಂಗ್, ಸಕ್ಷನ್ ಇದ್ದರೆ ತರಬೇತಾದ ನರ್ಸ್ ಬೇಕು. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಇದೆಯೇ ಎಂದು ಕೇಳಿ. ಸ್ನಾನ, ಊಟ, ಡೈಪರ್, ನಡೆಸುವುದಕ್ಕೆ ಅಟೆಂಡರ್ ಸಾಕು. ಏಜೆನ್ಸಿಯವರು 12 ಗಂಟೆ ಅಥವಾ 24 ಗಂಟೆ ಎಂದು ಲೆಕ್ಕ ಹೇಳುತ್ತಾರೆ. 24 ಗಂಟೆಯವರೂ ಮನುಷ್ಯರೇ, ನಿದ್ದೆ ಮಾಡಬೇಕು. ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ರೋಗಿಗೆ ಒಬ್ಬರನ್ನೇ ನಂಬಿದರೆ ಆ ಕೆಲಸ ಆಗುವುದಿಲ್ಲ.

ಏಜೆನ್ಸಿಗೆ ಇವಿಷ್ಟು ಕೇಳಿ: ಬಂದವರು ರಜೆ ಹೋದರೆ ಬದಲಿ ಎಷ್ಟು ಹೊತ್ತಿಗೆ ಬರುತ್ತಾರೆ, ಪೊಲೀಸ್ ವೆರಿಫಿಕೇಶನ್ ಆಗಿದೆಯೇ, ಊಟ ಯಾರದ್ದು, ಮುಂಗಡ ಎಷ್ಟು ದಿನದ್ದು. ಆಧಾರ್ ಪ್ರತಿ ಇಟ್ಟುಕೊಳ್ಳಿ. ಒಡವೆ, ದುಡ್ಡು ಬೀಗದೊಳಗಿಡಿ. ಬಂದವರ ಮೇಲೆ ಅನುಮಾನವಿದೆ ಎಂದಲ್ಲ, ಕೊನೆಗೆ ಯಾರಿಗೂ ಮಾತು ಬರುವುದು ಬೇಡ.

ಬಹಳಷ್ಟು ಅಟೆಂಡರ್‌ಗಳು ಬೇರೆ ರಾಜ್ಯದಿಂದ ಬಂದವರು. ತಾತನಿಗೆ ಕನ್ನಡ ಬಿಟ್ಟು ಬೇರೆ ಬಾರದು. "ನೋವು", "ನೀರು", "ಸಾಕು", "ಒಂದಕ್ಕೆ", "ಎರಡಕ್ಕೆ", "ಸೆಕೆ", "ಚಳಿ" ಇಷ್ಟು ಮಾತು ಮೊದಲ ದಿನವೇ ಕಲಿಸಿ. ಹೆಸರು ಹಿಡಿದು ಕೂಗುವ ಬದಲು "ತಾತ", "ಅಜ್ಜಿ" ಎಂದು ಕರೆಯಲಿ. ಹಿರಿಯರು ಅದಕ್ಕೇ ಅರ್ಧ ಒಗ್ಗಿಕೊಳ್ಳುತ್ತಾರೆ.

5. ಡಿಸ್ಚಾರ್ಜ್ ದಿನ

ಇನ್ಶೂರೆನ್ಸ್ ಇದ್ದರೆ ಹಿಂದಿನ ದಿನವೇ ಆಸ್ಪತ್ರೆಯ ಟಿಪಿಎ ಡೆಸ್ಕ್‌ಗೆ (ಇನ್ಶೂರೆನ್ಸ್ ಕ್ಲೇಮ್ ನೋಡಿಕೊಳ್ಳುವವರಿಗೆ) ಹೇಳಿಡಿ. ವಿಮಾ ನಿಯಂತ್ರಕ ಐಆರ್‌ಡಿಎಐನ 2024ರ ಮೇ ತಿಂಗಳ ಸುತ್ತೋಲೆಯಂತೆ, ಆಸ್ಪತ್ರೆಯಿಂದ ಕೋರಿಕೆ ಬಂದ 3 ಗಂಟೆಯೊಳಗೆ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದನ್ನು ಕಂಪನಿಯೇ ಭರಿಸಬೇಕು. ಆದರೆ ಲೆಕ್ಕ ಶುರುವಾಗುವುದು ಆಸ್ಪತ್ರೆ ಕಾಗದ ಕಳಿಸಿದ ಮೇಲೆ. ಹಾಗಾಗಿ "ಕಳಿಸಿದ್ರಾ?" ಎಂದು ಬಿಲ್ಲಿಂಗ್‌ನವರ ಬೆನ್ನು ಹತ್ತುವುದು ನಿಮ್ಮ ಕೆಲಸ. ಡಿಸ್ಚಾರ್ಜ್ ನಂತರದ ಔಷಧಿ, ಟೆಸ್ಟ್‌ಗಳ ಖರ್ಚು ಹಲವು ಪಾಲಿಸಿಗಳಲ್ಲಿ 60 ಅಥವಾ 90 ದಿನ ಸಿಗುತ್ತದೆ. ಡಾಕ್ಟರ್ ಚೀಟಿ ಮತ್ತು ಬಿಲ್ ಎರಡನ್ನೂ ತೆಗೆದಿಡಿ.

ಡಿಸ್ಚಾರ್ಜ್ ಸಮ್ಮರಿಯನ್ನು ಮನೆಗೆ ಹೋಗಿ ಓದೋಣ ಎಂದು ಮಡಚಿಡಬೇಡಿ. ಅಲ್ಲೇ ಓದಿ. ಮುಂಚೆಯಿಂದ ನುಂಗುತ್ತಿದ್ದ ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳ ಮಾತು ಅದರಲ್ಲಿ ಇದೆಯಾ? ಇಲ್ಲದಿದ್ದರೆ ನಿಲ್ಲಿಸಿದರೋ, ಬರೆಯಲು ಮರೆತರೋ ಕೇಳಿ. ಯಾವ ಮಾತ್ರೆ ಎಷ್ಟು ದಿನ? ಅಲರ್ಜಿ ಬರೆದಿದ್ದಾರಾ? ಸ್ಕ್ಯಾನ್‌ಗಳ ಸಿಡಿ, ರಿಪೋರ್ಟ್ ಕೈಗೆ ಬಂತಾ? ರಾತ್ರಿ ಹನ್ನೊಂದಕ್ಕೆ ಏನಾದರೂ ಆದರೆ ಯಾವ ನಂಬರ್? ಡ್ರಿಪ್‌ಗೆಂದು ಕೈಗೆ ಚುಚ್ಚಿದ ಕ್ಯಾನುಲಾ ತೆಗೆದಿದ್ದಾರಾ? ಸುಮ್ನೆ ಹೇಳುತ್ತಿಲ್ಲ, ಅದರ ಸಮೇತ ಮನೆಗೆ ಬಂದವರೂ ಇದ್ದಾರೆ.

108 ತುರ್ತಿಗೆ ಮಾತ್ರ. ಮನೆಗೆ ಬರಲು ಖಾಸಗಿ ಆಂಬುಲೆನ್ಸ್ ಮಾಡಿ. ಮೇಲೆ ಹತ್ತಿಸಲು ಇಬ್ಬರು ಬರುತ್ತಾರಾ ಎಂದು ಕೇಳಿಯೇ ಒಪ್ಪಿಕೊಳ್ಳಿ. ಸಂಜೆ ಐದರಿಂದ ಎಂಟು ಗಂಟೆ ನಡುವೆ ಸಿಲ್ಕ್ ಬೋರ್ಡ್, ಹೆಬ್ಬಾಳ, ಮಾರತ್ತಹಳ್ಳಿ ದಾಟುವ ಹಾಗಾದರೆ ಇನ್ನೆರಡು ಗಂಟೆ ವಾರ್ಡ್‌ನಲ್ಲೇ ಇರುವುದು ಮೇಲು. ಹೊರಡುವ ಮುಂಚೆ ನೋವಿನ ಮಾತ್ರೆ, ಹೊಸ ಡೈಪರ್, ಖಾಲಿ ಮಾಡಿದ ಯೂರಿನ್ ಬ್ಯಾಗ್.

ಅಪಾರ್ಟ್‌ಮೆಂಟ್‌ನ ಸಾಮಾನ್ಯ ಲಿಫ್ಟ್‌ಗೆ ಉದ್ದನೆಯ ಸ್ಟ್ರೆಚರ್ ಹಿಡಿಸುವುದಿಲ್ಲ. ದೊಡ್ಡ ಸರ್ವಿಸ್ ಲಿಫ್ಟ್ ಇದೆಯಾ, ಯಾವ ಬ್ಲಾಕ್‌ನಲ್ಲಿ, ಬೀಗ ಯಾರ ಹತ್ತಿರ ಎಂದು ಸೆಕ್ಯುರಿಟಿಯವರಲ್ಲಿ ವಿಚಾರಿಸಿ. ಇಲ್ಲದಿದ್ದರೆ ಕುರ್ಚಿಯಲ್ಲೇ ಬರಬೇಕು. ಹತ್ತು ಹದಿನೈದು ನಿಮಿಷ ಕೂರುವ ಅಭ್ಯಾಸವನ್ನು ವಾರ್ಡ್‌ನಲ್ಲೇ ಮಾಡಿಸಿ. ಮೊದಲನೇ ಮಹಡಿ, ಕಿರಿದಾದ ಮೆಟ್ಟಿಲು ಎಂದರೆ ಗಟ್ಟಿ ಕುರ್ಚಿಗೆ ಬೆಡ್‌ಶೀಟ್‌ನಿಂದ ಸೊಂಟ ಕಟ್ಟಿ, ನಾಲ್ವರು ಹಿಡಿದು, ಮುಖ ಕೆಳಗಿನ ಮೆಟ್ಟಿಲ ಕಡೆಗಿರುವಂತೆ, ಬೆನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಹತ್ತಿಸಬೇಕು. ಪ್ಲಾಸ್ಟಿಕ್ ಕುರ್ಚಿ ಬೇಡ.

6. ಮೊದಲ ವಾರ

ಮೊದಲ ಎರಡು ಮೂರು ರಾತ್ರಿ ಎಲ್ಲರಿಗೂ ಕಷ್ಟ. ಹಗಲು ನಿದ್ದೆ, ರಾತ್ರಿ ಎಚ್ಚರ. "ಇದು ನಮ್ಮ ಮನೆ ಅಲ್ಲ" ಎಂದು ಗಲಾಟೆ ಮಾಡಬಹುದು. ಐಸಿಯುನಲ್ಲಿ ಬಹಳ ದಿನ ಇದ್ದವರಲ್ಲಿ ಈ ಗೊಂದಲ ಸಾಮಾನ್ಯ. ವಾದ ಮಾಡಬೇಡಿ. ಬೆಳಿಗ್ಗೆ ಕಿಟಕಿ ತೆರೆಯಿರಿ, ಹಗಲು ಕೂರಿಸಿ, ರಾತ್ರಿ ದೀಪ ಮಂದ ಮಾಡಿ. ಆದರೆ ಸರಿಯಾಗಿ ಮಾತಾಡುತ್ತಿದ್ದವರು ದಿಢೀರನೆ ಏನೇನೋ ಮಾತಾಡಿದರೆ, ಮಂಕಾದರೆ ಅದನ್ನು ವಯಸ್ಸಿಗೆ ಹಾಕಬೇಡಿ. ಮೂತ್ರದ ಸೋಂಕು, ಸೋಡಿಯಂ ಇಳಿಯುವುದು, ಶುಗರ್ ಇಳಿಯುವುದು ಹೀಗೇ ಕಾಣಿಸಿಕೊಳ್ಳುತ್ತವೆ.

ಒಂದು ನೋಟ್‌ಬುಕ್ ಇಡಿ. ಸಮಯ, ಮಾತ್ರೆ, ತಿಂದದ್ದು, ಮೂತ್ರ, ಮಲ, ಬಿಪಿ, ಜ್ವರ. ಯಾರು ಕೊಟ್ಟರೋ ಅವರು ಸಹಿ ಹಾಕಲಿ. "ಮಾತ್ರೆ ಕೊಟ್ಟಾಯ್ತಾ?" ಎಂದು ಮೂರು ಜನ ಕೇಳಿ ಎರಡು ಸಲ ಕೊಡುವ ಪ್ರಮಾದ ಇದರಿಂದ ತಪ್ಪುತ್ತದೆ. ಮುಂದಿನ ಸಲ ಡಾಕ್ಟರಿಗೆ ಇದಕ್ಕಿಂತ ಒಳ್ಳೆಯ ರಿಪೋರ್ಟ್ ಇಲ್ಲ.

ನೋಡಲು ಬರುವವರನ್ನು ಒಂದು ವಾರ ತಡೆಯಿರಿ. ನೆಂಟರಿಷ್ಟರು ಹಣ್ಣು ಹಿಡಿದು ಬಂದರೆ ಹಾಲ್‌ನಲ್ಲಿ ಕಾಫಿ ಕೊಟ್ಟು ಕಳಿಸಿ. ನೆಗಡಿ ಇರುವವರಂತೂ ಬಾಗಿಲಾಚೆಯೇ.

7. ದಿನದ ಆರೈಕೆ

ಬೆಡ್‌ಸೋರ್, ಅಂದರೆ ಮಲಗೇ ಇದ್ದು ಆಗುವ ಹುಣ್ಣು, ಬಂದರೆ ವಾಸಿಯಾಗಲು ತಿಂಗಳುಗಳು. ಬರದಂತೆ ನೋಡುವುದೇ ಸುಲಭ. ಏರ್‌ಬೆಡ್ ಇದ್ದರೂ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕಲ್ಲ, ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ಓರೆಯಾಗಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಿ. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ಪೃಷ್ಠದ ಪಕ್ಕಗಳನ್ನು ದಿನವೂ ಬೆಳಕಿನಲ್ಲಿ ನೋಡಿ. ಕೆಂಪಗಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ಬದಲಾಗದೆ ಹಾಗೇ ಉಳಿದರೆ ಅದು ಹುಣ್ಣಿನ ಶುರು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದು, ಬಿಸಿ ಅಥವಾ ಗಟ್ಟಿಯಾಗಿದೆಯಾ ಮುಟ್ಟಿ ನೋಡಿ. ಅಲ್ಲಿ ಎಣ್ಣೆ ಹಚ್ಚಿ ಉಜ್ಜಬೇಡಿ, ಬಳೆಯಾಕಾರದ ರಬ್ಬರ್ ಟ್ಯೂಬಿನ ಮೇಲೂ ಕೂರಿಸಬೇಡಿ. ಆ ಜಾಗಕ್ಕೆ ಭಾರ ಬೀಳದಂತೆ ಮಲಗಿಸಿ, ಡಾಕ್ಟರಿಗೆ ಫೋಟೋ ಕಳಿಸಿ. ಮೇಲಕ್ಕೆ ಸರಿಸುವಾಗ ಎಳೆಯಬೇಡಿ. ಸೊಂಟದ ಕೆಳಗೆ ಮಡಚಿದ ಬೆಡ್‌ಶೀಟ್ ಇಟ್ಟುಕೊಂಡು ಇಬ್ಬರು ಅದನ್ನು ಹಿಡಿದು ಎತ್ತಿ.

ಮೂಗಿನ ಟ್ಯೂಬ್ ಅಂದರೆ ರೈಲ್ಸ್ ಟ್ಯೂಬ್. ಮೂಗಿನ ಬಳಿ ಟ್ಯೂಬ್ ಮೇಲಿನ ಗುರುತು ಜರುಗಿಲ್ಲ ಎಂದು ಪ್ರತಿ ಸಲ ನೋಡಿ, ವಾರ್ಡ್‌ನಲ್ಲಿ ಕಲಿಸಿದ ಹಾಗೆ ಪರೀಕ್ಷಿಸಿಯೇ ಕೊಡಿ. ತಲೆ ಕಡೆ 30 ರಿಂದ 45 ಡಿಗ್ರಿ ಎತ್ತರವಿರಲಿ, ಕೊಟ್ಟ ಮೇಲೂ ಒಂದು ಗಂಟೆ ಹಾಗೇ ಇರಲಿ. ಫೀಡ್‌ಗೆ ಮುಂಚೆ ಮತ್ತು ಆಮೇಲೆ ಟ್ಯೂಬ್‌ನಲ್ಲಿ ಸ್ವಲ್ಪ ನೀರು ಬಿಡಿ. ರಾಗಿ ಗಂಜಿ ಕೊಡಬಹುದು, ಆದರೆ ಸಣ್ಣ ಬಟ್ಟೆಯಲ್ಲಿ ಸೋಸಿ. ಗಂಟು ಸಿಕ್ಕಿಕೊಂಡರೆ ಜೋರಾಗಿ ತಳ್ಳಬೇಡಿ. ಎಸ್‌ಆರ್, ಎಕ್ಸ್‌ಆರ್ ಎಂದು ಬರೆದ, ಹೊಟ್ಟೆಯಲ್ಲಿ ನಿಧಾನವಾಗಿ ಔಷಧಿ ಬಿಡುವ ಮಾತ್ರೆಗಳನ್ನು ಪುಡಿ ಮಾಡಬಾರದು, ಬದಲಿ ಕೇಳಿ. ಟ್ಯೂಬ್ ಹೊರಬಂದರೆ ನೀವೇ ಹಾಕಲು ಹೋಗಬೇಡಿ.

ಬಾಯಿಂದ ಶುರು ಮಾಡುವಾಗ ನೇರ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ಸಣ್ಣ ಚಮಚ. ನುಂಗಲು ತೊಂದರೆ ಇರುವವರಿಗೆ ಗಂಜಿಗಿಂತ ತೆಳು ನೀರು, ಕಾಫಿ ಹೆಚ್ಚು ಅಪಾಯ, ಶ್ವಾಸಕೋಶಕ್ಕೆ ಹೋಗುತ್ತದೆ. ಎರಡು ತಿಂಗಳಿಂದ ಫಿಲ್ಟರ್ ಕಾಫಿ ಕಾಣದ ತಾತ "ಒಂದೇ ಗುಟುಕು" ಎಂದು ಅಂಗಲಾಚಿದಾಗ ಇಲ್ಲ ಅನ್ನುವುದು ಕಷ್ಟ. ನುಂಗುವಿಕೆ ಪರೀಕ್ಷಿಸುವ ಥೆರಪಿಸ್ಟ್ ಬಳಿ ಅದಕ್ಕೊಂದು ದಾರಿ ಕೇಳಿ. ಎಷ್ಟೋ ಸಲ ಮಂದಗೊಳಿಸಿ ಕೊಡಬಹುದು. ಹೃದಯ, ಕಿಡ್ನಿ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಸಾರು, ಮಜ್ಜಿಗೆ, ಗಂಜಿ ಎಲ್ಲವೂ ಲೆಕ್ಕಕ್ಕೆ. ಉಪ್ಪಿನಕಾಯಿ, ಹಪ್ಪಳ ಮರೆತುಬಿಡಿ.

ಯೂರಿನ್ ಬ್ಯಾಗ್ ಸದಾ ಸೊಂಟಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ. ಟ್ಯೂಬ್ ಯಾವಾಗ ಬದಲಿಸಬೇಕೆಂಬ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಇನ್ನೂ ಬೇಕಾ, ತೆಗೆಯಬಹುದಾ ಎಂದು ಪ್ರತಿ ಸಲ ಕೇಳಿ. ಬಳಸಿದ ಡೈಪರ್ ಪೇಪರ್‌ನಲ್ಲಿ ಸುತ್ತಿ ಬೇರೆಯೇ ಕೊಡಿ. ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿಡಿ, ಕಸ ತೆಗೆಯುವವರ ಕೈಗೆ ಚುಚ್ಚಬಾರದು.

ಔಷಧಿಗೆ ಜನೌಷಧಿ ಕೇಂದ್ರದಲ್ಲಿ ಖರ್ಚು ಬಹಳ ಇಳಿಯುತ್ತದೆ. ಆದರೆ ಹೆಸರು ಬೇರೆಯಾದ್ದರಿಂದ ಹಳೆಯ ಬ್ರ್ಯಾಂಡ್ ಮಾತ್ರೆಯ ಜೊತೆ ಅದನ್ನೂ ನುಂಗಿಸುವ ಅಪಾಯವಿದೆ. ಹಳೆಯದನ್ನು ಮನೆಯಿಂದಲೇ ಹೊರಗಿಡಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮಂಡಿ ನೋವಿಗೆಂದು ಪಕ್ಕದ ಮನೆಯವರು ಹೇಳಿದ ಮಾತ್ರೆ ಕೊಡಲೇಬೇಡಿ.

8. ಯಾವಾಗ ಓಡಬೇಕು

ಬಾಯಿ ಸೊಟ್ಟ, ಒಂದು ಕೈ ಬಿದ್ದುಹೋಗುವುದು, ಮಾತು ತೊದಲುವುದು ಹೊಸದಾಗಿ ಕಂಡರೆ 108ಕ್ಕೆ ಕರೆ ಮಾಡಿ, ಗಡಿಯಾರ ನೋಡಿ. ಸ್ಟ್ರೋಕ್‌ನ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಎದೆ ನೋವು, ಎಬ್ಬಿಸಿದರೂ ಏಳದಿರುವುದು, ಹೇಳಿದ ಮಟ್ಟಕ್ಕಿಂತ ಆಕ್ಸಿಜನ್ ಇಳಿಯುವುದು, ಕಪ್ಪು ಮಲ ಅಥವಾ ರಕ್ತ ವಾಂತಿ, ಒಂದೇ ಕಾಲು ಊದಿ ನೋವು ಬರುವುದು, ಚಳಿ ಜ್ವರದ ಜೊತೆ ಮಂಪರು ಕಂಡರೂ ಕಾಯಬೇಡಿ. ಹೃದಯದ ರೋಗಿಯ ತೂಕ ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ ಡಾಕ್ಟರಿಗೆ ಫೋನ್ ಸಾಕು, ಅಂದೇ ಮಾಡಿ.

9. ವಾಸಿಯಾಗದ ಕಾಯಿಲೆಯಾದರೆ

ಕೆಲವರನ್ನು ಕಳಿಸುವಾಗಲೇ ಇನ್ನು ಹೆಚ್ಚೇನೂ ಮಾಡಲಾಗದು ಎಂದು ಗೊತ್ತಿರುತ್ತದೆ. ಆಗ ಪ್ಯಾಲಿಯೇಟಿವ್ ಕೇರ್‌ನವರನ್ನು (ಕಾಯಿಲೆಯ ನೋವು, ಸಂಕಟ ಕಡಿಮೆ ಮಾಡುವ ಆರೈಕೆಯವರು) ಕೊನೆಗೆ ಕರೆಯೋಣ ಎಂದು ಕಾಯಬೇಡಿ, ಮೊದಲೇ ಕರೆಯಿರಿ. ನೋವು, ಉಸಿರಾಟದ ಸಂಕಟ, ಮಲಬದ್ಧತೆಗೆ ಅವರ ಬಳಿ ಉಪಾಯಗಳಿವೆ. ಮಾರ್ಫಿನ್ ಎಲ್ಲ ಮೆಡಿಕಲ್ ಸ್ಟೋರ್‌ಗಳಲ್ಲಿ ಸಿಗುವುದಿಲ್ಲ, ಇವರ ಮೂಲಕ ಸಿಗುತ್ತದೆ. ಮುಂದುವರಿದ ಕ್ಯಾನ್ಸರ್ ರೋಗಿಗಳನ್ನು ಮಾರತ್ತಹಳ್ಳಿ ಬಳಿಯ ಕರುಣಾಶ್ರಯ ಉಚಿತವಾಗಿ ನೋಡಿಕೊಳ್ಳುತ್ತದೆ, ಮನೆಗೆ ಬಂದು ನೋಡುವ ತಂಡವೂ ಅವರದಿದೆ.

ಮತ್ತೆ ಐಸಿಯುಗೆ ಒಯ್ಯಬೇಕಾ, ವೆಂಟಿಲೇಟರ್ ಬೇಕಾ ಎಂದು ಹಿರಿಯರು ಮಾತಾಡುವ ಸ್ಥಿತಿಯಲ್ಲಿದ್ದಾಗಲೇ ಅವರನ್ನು ಕೇಳಿ. ಅದನ್ನು ಬರೆದಿಡಲು ಕಾನೂನಿನಲ್ಲಿ ಅವಕಾಶವಿದೆ. 2023ರಲ್ಲಿ ಸುಪ್ರೀಂ ಕೋರ್ಟ್ ಸರಳಗೊಳಿಸಿದ ಮೇಲೆ ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಈ ಬಗ್ಗೆ ಆದೇಶ ಹೊರಡಿಸಿದೆ.

10. ನೋಡಿಕೊಳ್ಳುವವರ ನಿದ್ದೆ, ಮತ್ತು ಕಾಗದ ಪತ್ರ

ರಾತ್ರಿ ಪಾಳಿಯನ್ನು ಬರೆದು ಹಂಚಿ. ಬಾಯಿಮಾತಿನ ಹಂಚಿಕೆ ಕೊನೆಗೆ ಮನೆಯ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ. ದೂರದಲ್ಲಿರುವ ಮಗ ದುಡ್ಡು ಕಳಿಸಿ ಸುಮ್ಮನಾಗದೆ ಇನ್ಶೂರೆನ್ಸ್ ಕ್ಲೇಮ್, ಔಷಧಿ ಆರ್ಡರ್, ಅಪಾಯಿಂಟ್‌ಮೆಂಟ್‌ಗಳ ಹೊಣೆ ಹೊರಲಿ. ಅದನ್ನು ಎಲ್ಲಿಂದಲಾದರೂ ಮಾಡಬಹುದು. ಮಾಹಿತಿ, ಸಲಹೆ ಬೇಕಾದರೆ ಹಿರಿಯರ ಸಹಾಯವಾಣಿ 14567 ಇದೆ.

70 ದಾಟಿದವರಿಗೆ ಬ್ಯಾಂಕ್‌ಗಳು ಮನೆಗೇ ಬಂದು ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಶಾಖೆಯಲ್ಲಿ ಒಂದು ಅರ್ಜಿ ಕೊಟ್ಟಿಡಿ. ಕೇಂದ್ರ ಸರ್ಕಾರದ ಪಿಂಚಣಿದಾರರಾದರೆ ಜೀವನ ಪ್ರಮಾಣಪತ್ರದ ತಿಂಗಳು ನವೆಂಬರ್, 80 ದಾಟಿದವರು ಅಕ್ಟೋಬರ್‌ನಿಂದಲೇ ಕೊಡಬಹುದು. ಬೆರಳಚ್ಚು ಮೂಡದಿದ್ದರೆ ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಆಗುತ್ತದೆ. ಅದನ್ನು ಮಧ್ಯಾಹ್ನ, ಅವರು ಎಚ್ಚರವಾಗಿ ಕೂತಿರುವ ಹೊತ್ತಿನಲ್ಲಿ ಮಾಡಿಸಿ. ಆ್ಯಪ್ ಕಣ್ಣು ಮಿಟುಕಿಸಿ ಅನ್ನುತ್ತದೆ.